ಅಲ್ಮಾಜಳ ತಾಯಿ ಬಂದ ಶ್ರಾವಣ

ಮೊನ್ನೆ ಕನ್ನಡಕ ರಿಪೇರಿಗೆಂದು ಹಿಮಾಯತ್‌ನಗರಕ್ಕೆ ಹೋಗಿದ್ದೆ. ನಾವು ಹಿಂದೆ ಇದ್ದ ಓಣಿಯ ತಿರುವಿನಲ್ಲಿ ಹೊಸದಾಗಿ ಒಂದು ಕಾಫಿ ಅಂಗಡಿ ಬಂದಿದೆ. ಗಿರಾಕಿಗಳಿಗೆ ಕಾಣಲಿ ಎಂದು ಬಾಗಿಲ ಬಳಿಯೇ ಯಂತ್ರವಿಟ್ಟು ಬೀಜ ಹುರಿಯುತ್ತಿದ್ದರು. ಆ ಹೊಗೆ ಮೂಗಿಗೆ ತಾಕಿದ್ದೇ ತಡ, ರಸ್ತೆಯ ನಡುವೆ ನಿಂತುಬಿಟ್ಟೆ. ಹಿಂದಿನಿಂದ ಆಟೋದವನು ಹಾರನ್ ಬಾರಿಸಿ, "ಅಮ್ಮಾ, ಜರ ಜರಗಂಡಿ" ಎಂದ. ಬದಿಗೆ ಸರಿದೆನೇ ಹೊರತು ಅಲ್ಲಿಂದ ಹೊರಡಲು ಮನಸ್ಸಾಗಲಿಲ್ಲ.

ಹೈದರಾಬಾದು ಚಹಾದ ಊರು. ಇಲ್ಲೇ ಹುಟ್ಟಿ ಬೆಳೆದ ನನಗೆ ಕಾಫಿ ಎಂದರೆ ಮದುವೆ ಮನೆಯಲ್ಲಿ ಕೊಡುವ ಹಾಲಿನ ಪಾನಕ, ಅಷ್ಟೇ. ಹಸಿ ಬೀಜವನ್ನು ಅತಿಥಿಯ ಎದುರಿಗೇ ಬಾಣಲೆಯಲ್ಲಿ ಹುರಿದು, ಆ ಹೊಗೆಯನ್ನು ಕೈಯಿಂದ ಬೀಸಿ ಅವರ ಮೂಗಿನವರೆಗೆ ಮುಟ್ಟಿಸುವ ಮರ್ಯಾದೆಯೊಂದು ಲೋಕದಲ್ಲಿದೆ ಎಂದು ನನಗೆ ತೋರಿಸಿದವಳು ಇಥಿಯೋಪಿಯಾದ ಅಲ್ಮಾಜ್. ನಮ್ಮ ಮಾಳಿಗೆಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದ ಹುಡುಗಿ. ಅವಳಿದ್ದ ಆ ಮಳೆಗಾಲವನ್ನು, ಅದರಲ್ಲೂ ಆಗಿನ ನನ್ನ ಅತ್ತೆಯನ್ನು ನೆನೆದರೆ ಇವತ್ತಿಗೂ ನನ್ನ ಎದೆ ಉಬ್ಬುತ್ತದೆ. ಸೊಸೆಯಾದವಳು ಅತ್ತೆಯ ಬಗ್ಗೆ ಹೀಗೆ ಬರೆಯುವುದು ಅಪರೂಪ ಎಂದು ನನಗೂ ಗೊತ್ತು. ನಕ್ಕರೆ ನಗಲಿ.

ಅತ್ತೆಯ ಹೆಸರು ನೀಲಮ್ಮ. ಸಿಂದಗಿ ಕಡೆಯವರು. ನಮ್ಮವರು ಸನತ್‌ನಗರದಲ್ಲಿ ಸಣ್ಣದೊಂದು ಲೇತ್ ವರ್ಕ್‌ಶಾಪ್ ಹಾಕಿದ ಮೇಲೆ, ಮಾವನವರು ತೀರಿಕೊಂಡ ವರ್ಷ, ಮಗನ ಹಿಂದೆ ಈ ಊರಿಗೆ ಬಂದರು. ಮೈ ಮಾತ್ರ ಬಂತು. ಅಭ್ಯಾಸಗಳೆಲ್ಲ ಸಿಂದಗಿಯವೇ ಉಳಿದವು. ಅವುಗಳಲ್ಲಿ ದೊಡ್ಡದು ಎಂಜಲು. ನೀರು ಕುಡಿದರೆ ತಂಬಿಗೆ ತುಟಿಗೆ ತಾಕಬಾರದು, ಎತ್ತಿ ಹೊಯ್ದುಕೊಳ್ಳಬೇಕು. ಬಡಿಸುವಾಗ ಸೌಟು ತಟ್ಟೆಗೆ ತಾಕಬಾರದು. ಉಣ್ಣುವ ಕೈಯಿಂದ ಪಾತ್ರೆ ಮುಟ್ಟಿದರೆ ಆ ಪಾತ್ರೆಯ ಕಥೆ ಅಲ್ಲಿಗೆ ಮುಗಿಯಿತು, ತಿಕ್ಕುವ ಕಲ್ಲಿಗೆ ಹೋಯಿತು. ಈ ವಿಷಯದಲ್ಲಿ ಅವರಿಗೆ ಮಗ, ಸೊಸೆ, ಮಠದ ಸ್ವಾಮಿಗಳು ಎಂಬ ಭೇದವೇ ಇರಲಿಲ್ಲ. ನಾನು ಮದುವೆಯಾದ ಹೊಸದರಲ್ಲಿ ನಮ್ಮವರ ತಟ್ಟೆಯಿಂದ ಒಂದು ಮಿರ್ಚಿ ಎತ್ತಿಕೊಂಡು ತಿಂದದ್ದಕ್ಕೆ ಒಂದು ವಾರ ನನ್ನೊಡನೆ ಮಾತು ಕಮ್ಮಿ ಮಾಡಿದ್ದರು.

ಅಂಥವರ ಮನೆಗೆ ಅಲ್ಮಾಜ್ ಕೋಣೆ ಕೇಳಿಕೊಂಡು ಬಂದಳು. ಎತ್ತರದ, ಎಣ್ಣೆಗಪ್ಪು ಬಣ್ಣದ, ನಕ್ಕರೆ ಮುಖವೆಲ್ಲ ಹಲ್ಲಾಗುವ ಹುಡುಗಿ. ಆಗಲೇ ಎಷ್ಟೋ ಮನೆಯವರು ಅವಳ ಮುಖ ನೋಡಿ "ಖಾಲಿ ನಹೀ" ಎಂದಿದ್ದರು. ಅತ್ತೆ ಮೆಟ್ಟಿಲ ಮೇಲೆ ಕೂತು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, ನನ್ನ ಮೂಲಕ ಒಂದೇ ಪ್ರಶ್ನೆ ಕೇಳಿದರು, ಏನು ಓದುತ್ತಿ ಎಂದು. ಜೋಳಕ್ಕೆ ಬರುವ ರೋಗಗಳ ಮೇಲೆ ಪಿಎಚ್.ಡಿ. ಮಾಡುತ್ತಿದ್ದೇನೆ ಎಂದಳು.

"ಜ್ವಾಳಾ ಓದಾಕ ಇಲ್ಲೀತನಕ ಬಂದಾಳ?" ಅತ್ತೆಗೆ ನಂಬಿಕೆಯಾಗಲಿಲ್ಲ. "ಅಲ್ಲಿ ಜ್ವಾಳಾ ಐತೇನು?"

ಜೋಳ ಮೊದಲು ಹುಟ್ಟಿದ್ದೇ ನಮ್ಮ ಕಡೆ ಎಂದಳು ಅಲ್ಮಾಜ್. ಇದನ್ನು ಕನ್ನಡಕ್ಕೆ ತರಬೇಕೋ ಬೇಡವೋ ಎಂದು ಹೆದರುತ್ತಲೇ ಹೇಳಿದೆ. ಅತ್ತೆ ಅದನ್ನು ಒಪ್ಪಲಿಲ್ಲ, ಆ ಮಾತನ್ನು ಅವರು ಕೊನೆಯವರೆಗೂ ಒಪ್ಪಲಿಲ್ಲ, ಆದರೆ ಕೋಣೆ ಕೊಟ್ಟರು. ಅವಳು ಬುಧವಾರ ಮತ್ತು ಶುಕ್ರವಾರ ಹಾಲು ತುಪ್ಪವನ್ನೂ ಮುಟ್ಟದೆ ಉಪವಾಸ ಮಾಡುವ ಕ್ರೈಸ್ತಳು ಎಂದು ತಿಳಿದ ಮೇಲಂತೂ, "ನಮ್ಮ ಸ್ವಾಮಾರಕಿಂತ ಅಕೀನ ಮೇಲು" ಎಂದು ನಮ್ಮವರನ್ನು ಚುಚ್ಚಲು ಅವರಿಗೊಂದು ಹೊಸ ಆಯುಧ ಸಿಕ್ಕಿತು.

ಮೊದಲ ತಿಂಗಳುಗಳು ತಮಾಷೆಯಲ್ಲೇ ಕಳೆದವು. ಅಲ್ಮಾಜ್ ಭಾರತಕ್ಕೆ ಬರುವ ಮುಂಚೆ ಇಲ್ಲಿನ ರೀತಿ ರಿವಾಜುಗಳನ್ನು ಫೋನಿನಲ್ಲಿ ಓದಿಕೊಂಡು ಬಂದಿದ್ದಳು. ಎಡಗೈಯಿಂದ ಕೊಡಬಾರದು, ಚಪ್ಪಲಿ ಹೊರಗೆ ಬಿಡಬೇಕು, ಹಿರಿಯರ ಹೆಸರು ಹಿಡಿದು ಕರೆಯಬಾರದು. ಇದೆಲ್ಲ ಅವರ ದೇಶದಲ್ಲೂ ಹೆಚ್ಚುಕಡಿಮೆ ಹಾಗೆಯೇ. ಅತ್ತೆ ಒಳಗೆ ಬಂದರೆ ಎದ್ದು ನಿಲ್ಲುವಳು. ಏನಾದರೂ ಕೊಟ್ಟರೆ ಎರಡೂ ಕೈಯೊಡ್ಡಿ ತೆಗೆದುಕೊಳ್ಳುವಳು. ಆದರೆ ಅವಳು ಓದಿದ ಪಟ್ಟಿಯಲ್ಲಿ ನಮ್ಮ ಡಬ್ಬಿಯ ವಿಷಯ ಇರಲಿಲ್ಲ. ಅತ್ತೆ ಕಳಿಸಿದ ಶೇಂಗಾ ಚಟ್ನಿಯ ಡಬ್ಬಿಯನ್ನು ತೊಳೆದು ಒರೆಸಿ ಖಾಲಿ ತಂದುಕೊಟ್ಟಳು. ಖಾಲಿ ಡಬ್ಬಿ ಯಾರಾದರೂ ವಾಪಸು ಕೊಡುತ್ತಾರೆಯೇ? ಅತ್ತೆಯ ಮುಖ ಸಣ್ಣದಾಯಿತು. ನಾನು ಮೇಲೆ ಹೋಗಿ ತಿಳಿಸಿ ಬಂದೆ. ಮಾರನೆಯ ದಿನ ಅದೇ ಡಬ್ಬಿ ಹುರಿದ ಅರಳು ತುಂಬಿಕೊಂಡು ಕೆಳಗೆ ಬಂತು, ಮತ್ತೆಂದೂ ಖಾಲಿ ಬರಲಿಲ್ಲ.

ನಮ್ಮ ಪಾಲಿನ ಪೆದ್ದುತನವೂ ಇತ್ತು. ಅಲ್ಮಾಜಳಿಗೆ ಏನಾದರೂ ಹೇಳುತ್ತಿದ್ದರೆ ಅವಳು ನಡುನಡುವೆ ಬಾಯಿಂದ ಸರಕ್ಕನೆ ಉಸಿರೆಳೆದುಕೊಳ್ಳುತ್ತಿದ್ದಳು, ಯಾರೋ ತಣ್ಣೀರು ಎರಚಿದಂತೆ. ಅತ್ತೆ ಇದನ್ನು ಕೆಲ ದಿನ ನೋಡಿ ಉಬ್ಬಸ ಎಂದು ತೀರ್ಮಾನಿಸಿದರು. ಆಡುಸೋಗೆ ಎಲೆ ಹುಡುಕಿಸಿ ತಂದು ಕಷಾಯ ಕುದಿಸಿ, ಎದುರಿಗೆ ನಿಂತು ಕುಡಿಸಿದರು. ಪಾಪ, ಅವಳು ಇದು ಇಲ್ಲಿನ ಮರ್ಯಾದೆ ಇರಬೇಕು ಎಂದುಕೊಂಡು ಒಂದು ವಾರ ಕುಡಿದಳು. ಇನ್ನೂ ಬೇಕೇ ಎಂದು ಅತ್ತೆ ಕೇಳಿದಾಗ ಮತ್ತೆ ಉಸಿರೆಳೆದುಕೊಂಡಳು. ಆಗ ನಾನು ತಡೆಯಲಾರದೆ ಅವಳನ್ನೇ ಕೇಳಿದೆ. ಅವರ ಕಡೆ "ಹೌದು" ಎನ್ನುವುದೇ ಹಾಗಂತೆ.

"ಅತ್ತಿ, ಅಕಿಗೆ ಉಬ್ಬಸ ಇಲ್ಲರಿ. ಹೌದ್ರಿ ಅನ್ನಾಕತ್ತಾಳ" ಎಂದೆ.

"ಹೌದು ಅನ್ನಾಕ ಜೀವಾ ಯಾಕ ಒಳಗ ಎಳಕೋಬೇಕು?" ಎಂದರು ಅತ್ತೆ. ಆದರೆ ಕೆಲವು ದಿನಗಳಲ್ಲಿ ಅವರೂ ಅವಳೆದುರು ಹಾಗೇ ಉಸಿರೆಳೆಯತೊಡಗಿದರು. ಕೇಳಿದರೆ, ಅಕಿಗೆ ತಿಳೀಲಿ ಅಂತ ಎನ್ನುತ್ತಿದ್ದರು.

ಆಷಾಢದಲ್ಲಿ ಮಳೆ ಹಿಡಿಯಿತು. ಓಣಿಯಲ್ಲಿ ಮೊಣಕಾಲುದ್ದ ನೀರು, ಬೋನಾಲು ಹಬ್ಬದ ಡೋಲು, ಎಲ್ಲೆಲ್ಲೂ ಸೊಳ್ಳೆ. ಅಲ್ಮಾಜಳಿಗೆ ಡೆಂಗಿ ಬಂತು. ನಾನು ಅಬಿಡ್ಸ್‌ನ ಇನ್ಶೂರೆನ್ಸ್ ಆಫೀಸಿನಲ್ಲಿದ್ದೆ. ನಮ್ಮವರು ವರ್ಕ್‌ಶಾಪಿನಲ್ಲಿ. ಅತ್ತೆ ಒಬ್ಬರೇ ಅವಳನ್ನು ಆಟೋದಲ್ಲಿ ಹಾಕಿಕೊಂಡು, ತೆಲುಗು ಹಿಂದಿ ಕನ್ನಡ ಮೂರನ್ನೂ ಕಲಸಿ ಮಾತಾಡಿ ಆಸ್ಪತ್ರೆಗೆ ಸೇರಿಸಿದರು. ಅಲ್ಲೇ ಉಳಿದರು. ಮೈ ಒರೆಸಿದರು, ವಾಂತಿ ಬಳಿದರು. ಅದಕ್ಕೆಲ್ಲ ಅವರ ಮಡಿ ಅಡ್ಡ ಬರಲಿಲ್ಲ. ಗಂಜಿ ಹಾಕುವಾಗ ಮಾತ್ರ ಸೌಟು ಬಟ್ಟಲಿಗೆ ತಾಕದಂತೆ ಗೇಣು ಎತ್ತರದಿಂದಲೇ ಬಿಡುತ್ತಿದ್ದರು. ಅವರ ಕೈಗೆ ಬೇರೆ ಅಭ್ಯಾಸವೇ ಇರಲಿಲ್ಲ.

ಅಲ್ಮಾಜ್ ಊರಿನಲ್ಲಿ ತಾಯಿಗೆ ಏನೂ ಹೇಳಿರಲಿಲ್ಲ. ಆದರೆ ಗುಣವಾಗಿ ಮನೆಗೆ ಬಂದ ಮೇಲೆ ಒಂದು ದಿನ ವಿಡಿಯೋ ಕರೆಯಲ್ಲಿ ಅವಳ ಸೊರಗಿದ ಮುಖ ಕಂಡು ತಾಯಿ ಎಲ್ಲ ಬಾಯಿಬಿಡಿಸಿದರು. ಅತ್ತರಂತೆ, ಬೈದರಂತೆ, ಕೊನೆಗೆ ನಾನೇ ಬಂದು ಕರೆದುಕೊಂಡು ಹೋಗುತ್ತೇನೆ ಎಂದರಂತೆ. ಓದು ಸಾಕು. ಜೀವ ಇದ್ದರೆ ತಾನೇ ಓದು.

ಅಲ್ಮಾಜಳ ಕೆಲಸ ಇನ್ನೂ ಒಂದು ಹಿಂಗಾರಿನ ಬೆಳೆಯಷ್ಟು ಬಾಕಿ ಇತ್ತು. ಅವಳು ತಾನೇ ಬಿತ್ತಿ, ಬೆಳೆದು, ರೋಗ ಬರಿಸಿ, ಯಾವ ತಳಿ ತಡೆಯುತ್ತದೆ ಎಂದು ನೋಡಬೇಕಿತ್ತು. ಈಗ ಹೋದರೆ ಅಲ್ಲಿಯವರೆಗೆ ಮಾಡಿದ್ದೆಲ್ಲ ಮಣ್ಣುಪಾಲು. ತಾಯಿಯ ಮಾತು ಮೀರುವ ಹುಡುಗಿಯಂತೂ ಅವಳಲ್ಲ. "ಅಮ್ಮ ಬಂದು ನೋಡಲಿ. ನಾನು ಇಲ್ಲಿ ಒಬ್ಬಳೇ ಇಲ್ಲ ಎಂದು ಅವಳಿಗೆ ಅನ್ನಿಸಿದರೆ ಬಿಟ್ಟುಹೋಗುತ್ತಾಳೆ. ಅನ್ನಿಸದಿದ್ದರೆ ನಾನು ಹೊರಟೆ" ಎಂದಳು ನನ್ನೊಡನೆ, ಅಳದೆ, ನೇರವಾಗಿ.

ಆಮೇಲೆ ನಮ್ಮ ಮನೆಯಲ್ಲಿ ಪಾಠಗಳು ಶುರುವಾದವು. ಅಲ್ಮಾಜ್ ಫೋನಿನಲ್ಲಿ ತಾಯಿಗೆ ನಮ್ಮ ರೀತಿ ಹೇಳಿಕೊಟ್ಟಳು. ನಾನು ಅತ್ತೆಗೆ ಅವರ ರೀತಿ ಹೇಳಿಕೊಟ್ಟೆ. ಅವರು ಗಲ್ಲಕ್ಕೆ ಗಲ್ಲ ಹಚ್ಚಿ ಮಾತಾಡಿಸುತ್ತಾರೆ, ಹಿಂದೆ ಸರಿಯಬಾರದು. ಕಾಫಿ ಮೂರು ಸುತ್ತು ಕೊಡುತ್ತಾರೆ, ಮೂರನೆಯದಕ್ಕೆ ಮುಂಚೆ ಎದ್ದರೆ ಮನೆಯವರಿಗೆ ಅವಮಾನ.

"ಹಾಲು?" ಎಂದರು ಅತ್ತೆ.

"ಇಲ್ಲರಿ. ಕರೇದು."

"ಮೂರೂ?"

"ಮೂರೂ."

ಅತ್ತೆ ನಿಟ್ಟುಸಿರು ಬಿಟ್ಟು ಒಪ್ಪಿಕೊಂಡರು. ಅವರಿಗೆ ದೊಡ್ಡ ಚಿಂತೆಯಾದದ್ದು ಬೇರೆ. ಅಲ್ಮಾಜಳ ಕಡೆ ಆಗಸ್ಟಿನಲ್ಲಿ ಮೇರಿಮಾತೆಯ ಉಪವಾಸ. ತಾಯಿ ಬರುವುದು ಅದೇ ದಿನಗಳಲ್ಲಿ. ಹಾಲು, ಮೊಸರು, ತುಪ್ಪ ಯಾವುದೂ ಆಗದು, ಮಧ್ಯಾಹ್ನ ಹೊತ್ತು ಇಳಿಯುವವರೆಗೆ ಊಟವೇ ಇಲ್ಲ. ತುಪ್ಪವಿಲ್ಲದೆ ಹೋಳಿಗೆ ನೀಡುವುದು ಹೇಗೆ? ಬೀಗರಿಗೆ ತುಪ್ಪ ಕಮ್ಮಿ ಮಾಡಿದರೆ ಊರಲ್ಲಿ ಮೂರು ತಲೆಮಾರು ಆಡಿಕೊಳ್ಳುತ್ತಾರೆ. ಎರಡು ದಿನ ಯೋಚಿಸಿ ಕಾಯಿಹಾಲು ಎಂದು ತಾವೇ ದಾರಿ ಕಂಡುಕೊಂಡರು. ಹೂವಿನವಳಿಗೆ ಹೇಳಿ ಒಂದು ಬುಟ್ಟಿ ಗರಿಕೆಯನ್ನೂ ತರಿಸಿದರು. ಕಾಫಿ ಮಾಡುವ ಜಾಗದಲ್ಲಿ ಹಸಿ ಹುಲ್ಲು ಹಾಸುತ್ತಾರೆ ಎಂದು ನಾನು ಹೇಳಿದ್ದು ಅವರಿಗೆ ಬಹಳ ಹಿಡಿಸಿತ್ತು.

ತಾಯಿಯ ಹೆಸರು ಅಸ್ತೇರ್. ಬಂದಿಳಿದ ಗಳಿಗೆಯಿಂದ ಅತ್ತೆಗೆ ಅವರು ಅಸ್ತೇರಬಾಯಿ. ಮಗಳಂತೆಯೇ ಎತ್ತರ, ಬಿಳಿ ಹತ್ತಿಯ ತೆಳು ಸೆರಗನ್ನು ತಲೆಮೇಲೆ ಹೊದ್ದು, ಹಣೆಯ ನಡುವೆ ಹಚ್ಚೆಯ ಶಿಲುಬೆ. ಅತ್ತೆ ತಮ್ಮ ಮುಂಗೈಯ ಹಚ್ಚೆ ತೋರಿಸಿದರು. ಗಲ್ಲಕ್ಕೆ ಗಲ್ಲ ಹಚ್ಚುವುದು ಅಚ್ಚುಕಟ್ಟಾಗಿ ನಡೆಯಿತು. ಅತ್ತೆ ಒಂದು ಸಲ ಹೆಚ್ಚೇ ಹಚ್ಚಿದರು. ಕೈಕಾಲಿಗೆ ನೀರು ಕೊಟ್ಟೆವು. ಹೊತ್ತು ಇಳಿದ ಮೇಲೆ ಸಾಲಾಗಿ ಕೂರಿಸಿ ಅತ್ತೆ ತಾವೇ ಬಡಿಸಿದರು. ಬಿಸಿ ರೊಟ್ಟಿ, ಝುಣಕ, ಎಣ್ಣೆಗಾಯಿ, ಹೋಳಿಗೆ, ಕಾಯಿಹಾಲು. ಅಲ್ಮಾಜಳ ಮುಖ ಅರಳಿತ್ತು. ನನ್ನದೂ. ಎಲ್ಲ ನಾವು ಅಂದುಕೊಂಡಂತೆಯೇ ನಡೆಯುತ್ತಿದೆ ಎಂದು ಬೀಗಿದೆ.

ಮೂರು ದಿನ ಅಸ್ತೇರ್ ಹೆಚ್ಚು ಮಾತಾಡಲಿಲ್ಲ. ಊಟಕ್ಕೆ ಕೂರುವರು, ತಲೆ ತಗ್ಗಿಸಿ ಉಣ್ಣುವರು, ಎದೆ ಮುಟ್ಟಿಕೊಂಡು ಕೃತಜ್ಞತೆ ಹೇಳುವರು, ಮೇಲೆ ಹೋಗುವರು. ನಾಲ್ಕನೆಯ ದಿನ ನಾನು ಆಫೀಸಿನಿಂದ ಬಂದಾಗ ಅಲ್ಮಾಜ್ ಅಡುಗೆಮನೆಯ ಕಟ್ಟೆಗೆ ಒರಗಿ ನಿಂತಿದ್ದಳು. ಕಣ್ಣು ಊದಿದ್ದವು. ಭಾನುವಾರ ಕಾಫಿ ಮಾಡಿ ಎಲ್ಲರಿಗೂ ಊಟ ಹಾಕಿ, ಆ ವಾರದಲ್ಲೇ ತಾಯಿ ಅವಳನ್ನು ಕರೆದುಕೊಂಡು ಹೊರಡುವುದೆಂದು ತೀರ್ಮಾನವಾಗಿತ್ತು.

ಯಾಕೆ ಎಂದೆ. ಅವಳಿಗೆ ಹೇಳಲು ನಾಚಿಕೆ. ಒತ್ತಾಯಿಸಿದ ಮೇಲೆ ಹೇಳಿದಳು. "ಅಮ್ಮ ಹೇಳುತ್ತಾಳೆ, ಈ ಮನೆಯವರು ಒಳ್ಳೆಯವರೇ. ಆದರೆ ಅವರು ನಮಗೆ ಊಟವನ್ನು ಮೇಲಿನಿಂದ ಎಸೆಯುತ್ತಾರೆ. ತಟ್ಟೆಗೆ ಕೈ ತಾಕಿಸುವುದಿಲ್ಲ. ನಮ್ಮನ್ನು ಮುಟ್ಟಲು ಹೇಸುವವರ ಮನೆಯಲ್ಲಿ ನಿನ್ನನ್ನು ಹೇಗೆ ಬಿಡಲಿ, ಅಂತ."

"ನೀ ಹೇಳಲಿಲ್ಲವಾ? ನಮಗೂ ಹಾಗೇ ಬಡಿಸುತ್ತಾರೆ ಅಂತ? ಆಸ್ಪತ್ರೆಯ ವಿಷಯ?"

"ಎಲ್ಲ ಹೇಳಿದೆ. ನೀನು ಇಲ್ಲೇ ಉಳಿಯಲು ಬಣ್ಣ ಕಟ್ಟುತ್ತೀ ಎನ್ನುತ್ತಾಳೆ."

ನಾನು ಅವತ್ತು ಒಂದು ಲೋಟ ನೀರು ಕುಡಿಯಲೂ ಮರೆತು ಅಲ್ಲೇ ಕುಳಿತೆ. ನಮ್ಮ ಆಫೀಸಿನಲ್ಲಿ ದುಬೈಗೆ ಸಿಂಗಾಪುರಕ್ಕೆ ಹೋಗುವವರು ಪಟ್ಟಿ ಓದಿಕೊಂಡು ಹೋಗುತ್ತಾರೆ, ಏನು ಮಾಡಬೇಕು, ಏನು ಮಾಡಬಾರದು. ನಾವೂ ಅದನ್ನೇ ಮಾಡಿದ್ದೆವು. ಗಲ್ಲ, ಕಾಫಿ, ಗರಿಕೆ, ತುಪ್ಪ ಎಲ್ಲ ಯೋಚಿಸಿದ್ದೆವು. ದಿನಕ್ಕೆ ಮೂರು ಸಲ ಕಣ್ಣುಮುಚ್ಚಿ ಮಾಡುವ ಕೆಲಸ ಪರದೇಶದ ತಾಯಿಯೊಬ್ಬಳ ಕಣ್ಣಿಗೆ ಹೇಗೆ ಕಾಣುತ್ತದೆ ಎಂಬುದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ನಾವು ಮರ್ಯಾದೆ ಎಂದು ಮಾಡಿದ್ದನ್ನು ಅವರು ಹೇಸಿಗೆ ಎಂದು ಕಂಡಿದ್ದರು.

ಅತ್ತೆಗೆ ಹೇಳಲೇಬೇಕಾಯಿತು. ಮೊದಲು ಸಿಟ್ಟು ಬಂತು. "ನಾ ಎಸದೆನೇನು? ಅನ್ನಾ ಎಸ್ಯಾಕಿ ಏನು ನಾ?" ಎಂದು ಧ್ವನಿ ಏರಿಸಿದರು. ಹೊರಗೆ ಮಳೆ ಸುರಿಯುತ್ತಿತ್ತು, ಮೇಲೆ ಕೇಳಿಸಿರಲಿಕ್ಕಿಲ್ಲ. ಆಮೇಲೆ ಬೇರೆಯದೇ ಧ್ವನಿಯಲ್ಲಿ ಕೇಳಿದರು.

"ಅವರ ಮನ್ಯಾಗ ಹೆಂಗ ನೀಡ್ತಾರ?"

"ನೀಡೂದ ಇಲ್ಲರಿ ಅತ್ತಿ. ದೊಡ್ಡದೊಂದು ತಟ್ಟಿ ನಡುವ ಇಟಗೊಂಡು ಎಲ್ಲಾರೂ ಅದರಾಗ ಕೈ ಹಾಕಿ ಉಣ್ತಾರ."

"ಒಂದ ತಟ್ಟ್ಯಾಗ?"

"ಒಂದ ತಟ್ಟ್ಯಾಗ."

ಅತ್ತೆ ಎದ್ದು ದೇವರ ದೀಪದ ಬತ್ತಿ ಸರಿಮಾಡಲು ಹೋದರು. ಭಾನುವಾರ ಬೆಳಿಗ್ಗೆ ನಮ್ಮವರು ತಾಯಿಗೆ ಕಷ್ಟವಾಗದಿರಲಿ ಎಂದು ಒಂದು ಉಪಾಯ ಹೇಳಿದರು. "ಅವ್ವಾ, ಶ್ರಾವಣ ಐತಿ, ಇವತ್ತ ನನಗ ಉಪಾಸ ಅಂತ ಹೇಳಿಬಿಡು. ಯಾರೂ ಏನೂ ಅನ್ನೂದಿಲ್ಲ."

"ಸುಳ್ಳ ಉಪಾಸ ಹಿಡದು ಯಾ ದೇವರ ಮುಂದ ನಿಂದರ್ಲಿ?" ಎಂದು ಅತ್ತೆ ಇಳಕಲ್ಲ ಸೀರೆ ತೆಗೆದು ಉಟ್ಟರು. ಮದುವೆಗಳಿಗೆ ಮಾತ್ರ ಉಡುವ ಸೀರೆ ಅದು.

ಮೇಲಿನ ಕೋಣೆಯಲ್ಲಿ ಅಸ್ತೇರ್ ಗರಿಕೆ ಹಾಸಿ, ಊರಿಂದ ತಂದ ಲೋಭಾನದ ಹೊಗೆ ಹಾಕಿದ್ದರು. ಆ ವಾಸನೆ ಹೈದರಾಬಾದಿನವರಾದ ನಮಗೆ ಹೊಸದಲ್ಲ. ನಡುವೆ ಮೊರದಗಲದ ತಟ್ಟೆ. ಅದರ ತುಂಬ ಇಂಜೆರಾ. ಹುಳಿ ಬಂದ ದೋಸೆಯಂಥದು, ಮೆತ್ತಗೆ, ಮೈಯೆಲ್ಲ ತೂತು. ಅದರ ಮೇಲೆ ಬೇಳೆ, ಸೊಪ್ಪು, ಎಲೆಕೋಸು, ಮತ್ತೆ ಕಡಲೆಹಿಟ್ಟಿನದೊಂದು ಪಲ್ಯ. ಅದು ನಮ್ಮ ಝುಣಕವೇ, ಖಾರ ಮಾತ್ರ ಬೇರೆ. ಅಸ್ತೇರ್ ತಾವೇ ಜಗ್ಗಿನಿಂದ ನೀರು ಹೊಯ್ದು ಎಲ್ಲರ ಕೈ ತೊಳೆಸಿದರು. ಅತ್ತೆ ಕೂತರು. ನಮ್ಮವರು ನನ್ನ ಮುಖ ನೋಡಿದರು. ಅತ್ತೆ ತಮ್ಮ ಮುಂದಿನ ಅಂಚಿನಿಂದ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡರು. ಇನ್ನೊಂದು ಚೂರು. ಒಂದೇ ತಟ್ಟೆಯಲ್ಲಿ ನಮ್ಮ ಐದೂ ಕೈಗಳು. ಇಷ್ಟಾದರೆ ಸಾಕು, ಇದಕ್ಕಿಂತ ಹೆಚ್ಚು ಯಾರೂ ಅವರಿಂದ ಬಯಸಬಾರದು ಎಂದು ನಾನು ಅಂದುಕೊಂಡೆ.

ಆಗ ಅಸ್ತೇರ್ ಇಂಜೆರಾದ ದೊಡ್ಡ ಚೂರು ಮುರಿದರು. ಅದರಲ್ಲಿ ಎಲ್ಲ ಪಲ್ಯಗಳನ್ನೂ ಸೇರಿಸಿ, ಬೆರಳಿನಲ್ಲೇ ಸುತ್ತಿ ಸುತ್ತಿ ನಿಂಬೆಹಣ್ಣಿಗಿಂತ ದಪ್ಪ ತುತ್ತು ಮಾಡಿದರು. ತಟ್ಟೆಯ ಮೇಲೆ ಬಾಗಿ, ಆ ತುತ್ತನ್ನು ತಮ್ಮ ಕೈಯಾರೆ ನನ್ನ ಅತ್ತೆಯ ಬಾಯಿಯ ಮುಂದೆ ಹಿಡಿದರು.

ಅಲ್ಮಾಜ್ ತಮ್ಮ ಭಾಷೆಯಲ್ಲಿ ತಾಯಿಗೆ ಏನೋ ಅವಸರದಲ್ಲಿ ಹೇಳಿದಳು. ಬೇಡ ಎಂದಿರಬೇಕು. ನನ್ನ ಕಡೆ ತಿರುಗಿ, "ಇದು ನಮ್ಮಲ್ಲಿ ಪ್ರೀತಿಯವರಿಗೆ ಮಾಡುವುದು. ನಿಮ್ಮ ಅತ್ತೆಯವರಿಗೆ ಹೇಳಿ, ಬೇಡ ಎಂದರೂ ಪರವಾಗಿಲ್ಲ" ಎಂದಳು. ಪರವಾಗಿಲ್ಲ ಎಂಬುದು ಸುಳ್ಳೆಂದು ಅವಳ ಮುಖವೇ ಹೇಳುತ್ತಿತ್ತು. ಅಸ್ತೇರ್ ಕೈ ಹಿಂದೆ ತೆಗೆಯಲಿಲ್ಲ. ಅವರು ನಮ್ಮನ್ನು ಪರೀಕ್ಷೆ ಮಾಡುತ್ತಿದ್ದರೇ? ನನಗೆ ಹಾಗನ್ನಿಸುವುದಿಲ್ಲ. ತಮ್ಮಲ್ಲಿದ್ದ ಎಲ್ಲಕ್ಕಿಂತ ದೊಡ್ಡ ಮರ್ಯಾದೆಯನ್ನು, ಹೋಗುವ ಮುಂಚೆ, ಕೊಟ್ಟು ನೋಡಿದರು.

ನಾನು ಬಾಯಿ ತೆರೆಯುವುದರೊಳಗೆ ಅತ್ತೆ ತೆರೆದರು. ಅಷ್ಟು ದಪ್ಪ ತುತ್ತು ಹಿಡಿಯುವಂತೆ ಅಗಲವಾಗಿ. ಅಸ್ತೇರ್ ಅವರ ಬೆರಳುಗಳು ಅತ್ತೆಯ ತುಟಿಗೆ ತಾಕಿದವು. ಅತ್ತೆ ಕಣ್ಣು ಮುಚ್ಚಲಿಲ್ಲ, ಮುಖ ಸಿಂಡರಿಸಲಿಲ್ಲ. ಅಗಿದು ನುಂಗಿದರು. ಅಸ್ತೇರ್ ಆಗಲೇ ಎರಡನೆಯ ತುತ್ತು ಕಟ್ಟುತ್ತಿದ್ದರು. ಒಂದಕ್ಕೆ ನಿಲ್ಲಿಸಬಾರದಂತೆ. ಅದನ್ನೂ ತಿಂದರು. ನನ್ನ ಗಂಡ, ನಲವತ್ತು ದಾಟಿದ ಗಂಡಸು, ಗೋಡೆಯ ಕಡೆ ಮುಖ ತಿರುಗಿಸಿ ಕಣ್ಣೊರೆಸಿಕೊಂಡರು.

"ಈಗ ನಾ ಇಡಬೌದೇನು, ಕೇಳು" ಎಂದರು ಅತ್ತೆ. ಕೇಳುವ ತನಕ ಕಾಯಲಿಲ್ಲ. ತುತ್ತು ಕಟ್ಟಿ ಮೊದಲು ಅಲ್ಮಾಜಳ ಬಾಯಿಗಿಟ್ಟರು, ಆಮೇಲೆ ಅಸ್ತೇರ್ ಅವರ ಬಾಯಿಗೆ. ಕೈ ತೊಳೆಯದೆಯೇ ಮಾತಿಗೆ ಶುರುಮಾಡಿದರು. ನಾನು ಇಂಗ್ಲಿಷಿಗೆ ತಂದೆ, ಅಲ್ಮಾಜ್ ಅವರ ಭಾಷೆಗೆ.

"ಅಸ್ತೇರಬಾಯಿ, ನಾ ಮ್ಯಾಲಿಂದ ನೀಡ್ತೀನಿ, ಖರೆ. ನನ್ನ ಎಂಜಲಾ ನಿಮಗ ತಾಗಬಾರದು ಅಂತ ನೀಡ್ತೀನಿ. ನಿಮ್ಮನ್ನ ಮುಟ್ಟಾಕ ಹೇಸಿ ಅಲ್ಲ. ನಿಮ್ಮ ಮಗಳು ಮಲಗಿದಾಗ ಅಕಿ ಮೈ ತೊಳದ ಕೈ ಇದು. ನಾಳೆಯಿಂದನೂ ನಾ ಮ್ಯಾಲಿಂದನ ನೀಡ್ತೀನಿ, ಕೈ ಈಗ ಹೊಳ್ಳಂಗಿಲ್ಲ. ಆದ್ರ ನಿಮಗ ಹಂಗ ಕಂಡೈತಿ ಅಂತ ನನಗ ಗೊತ್ತಿರಲಿಲ್ಲ. ನನ್ನ ಮಗಳಿಗೆ ಪರದೇಶದಾಗ ಯಾರರ ಹಂಗ ನೀಡಿದ್ರ ನಾನೂ ಕರಕೊಂಡು ಹೋಗ್ತಿದ್ದೆ."

ಅಲ್ಮಾಜ್ ಒಂದೊಂದೇ ಮಾತನ್ನು ತಾಯಿಗೆ ದಾಟಿಸಿದಳು. ತಾಯಿ ಅವಸರ ಮಾಡದೆ ಕಾದರು. ಪೂರ್ತಿ ಕೇಳಿದ ಮೇಲೆ ಒಂದೇ ಮಾತು ಕೇಳಿದರು, ಇವಳಿಗೆ ಮತ್ತೆ ಜ್ವರ ಬಂದರೆ?

"ಬರೂದಿಲ್ಲ ಅಂತ ನಾ ಹೆಂಗ ಹೇಳಲಿ?" ಎಂದರು ಅತ್ತೆ. "ಬಂದ್ರ ನಾ ಇರ್ತೀನಿ."

ಅಸ್ತೇರ್ ಅವತ್ತು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಕಾಫಿ ಹುರಿದರು, ಹೊಗೆ ಬೀಸಿದರು. ಅತ್ತೆ ಮೂರು ಸುತ್ತೂ ಕುಡಿದು ಕೆಳಗೆ ಬಂದು ಎದೆಯುರಿಗೆ ಓಮಕಾಳು ತಿಂದರು. ನಮಗ್ಯಾರಿಗೂ ಏನೂ ತಿಳಿಯಲಿಲ್ಲ. ಅಲ್ಮಾಜಳ ಪೆಟ್ಟಿಗೆ ಕಟ್ಟಿದ್ದು ಕಟ್ಟಿದಂತೆಯೇ ಇತ್ತು.

ಹೊರಡುವ ದಿನ ಮಳೆ ಬಿಟ್ಟಿತ್ತು. ಕ್ಯಾಬು ಗೇಟಿನ ಮುಂದೆ ನಿಂತಿತ್ತು. ಮನೆಗೆ ಬಂದ ಹೆಣ್ಣುಮಗಳನ್ನು ಹಾಗೇ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ಅತ್ತೆ ಹೇಳಿದಂತೆ ನಾನು ಅಕ್ಕಿ, ಕೊಬ್ಬರಿ ಬಟ್ಟಲು, ಅರಿಸಿನದ ಕೊಂಬು, ಖಣ ತಟ್ಟೆಯಲ್ಲಿಟ್ಟು ಉಡಿ ತುಂಬಲು ಬಂದೆ. ಅಸ್ತೇರ್‌ಗೆ ಯಾರೂ ಏನೂ ಹೇಳಿಕೊಟ್ಟಿರಲಿಲ್ಲ. ನನ್ನ ಕೈಯಲ್ಲಿನ ತಟ್ಟೆ ನೋಡಿ ತಾವೇ ಆ ಬಿಳಿ ಸೆರಗನ್ನು ತಲೆಯಿಂದ ತೆಗೆದು ಎರಡು ಕೈಯಲ್ಲಿ ಜೋಳಿಗೆ ಮಾಡಿ ಒಡ್ಡಿದರು. ನಾನು ಅದರಲ್ಲಿ ಉಡಿ ತುಂಬಿದೆ.

ಉಡಿಯನ್ನು ಗಂಟು ಕಟ್ಟಿಕೊಂಡ ಮೇಲೆ ಅವರು ತಮ್ಮ ಚೀಲದ ಒಳಜೇಬಿಗೆ ಕೈ ಹಾಕಿ ಮಗಳ ಪಾಸ್‌ಪೋರ್ಟ್ ತೆಗೆದರು. ಬಂದ ದಿನವೇ ಅದನ್ನು ತೆಗೆದು ತಮ್ಮ ಹತ್ತಿರ ಇಟ್ಟುಕೊಂಡಿದ್ದರಂತೆ. ಅಲ್ಮಾಜ್ ಅದನ್ನು ನಮಗೆ ಹೇಳಿರಲಿಲ್ಲ. ಮಗಳು ಕೈ ಮುಂದೆ ಮಾಡಿದಳು. ತಾಯಿ ಅವಳಿಗೆ ಕೊಡಲಿಲ್ಲ. ಮಗಳನ್ನು ದಾಟಿ ಬಂದು, ಅದನ್ನು ಎರಡೂ ಕೈಯಲ್ಲಿ ಹಿಡಿದು, ನನ್ನ ಅತ್ತೆಯ ಕೈಯಲ್ಲಿಟ್ಟರು.

ಅತ್ತೆಗೆ ಓದಲು ಬರುವುದಿಲ್ಲ. ಆದರೆ ಅದೇನೆಂದು ಅವರಿಗೆ ಯಾರೂ ಹೇಳಬೇಕಾಗಲಿಲ್ಲ. ಕಣ್ಣಿಗೊತ್ತಿಕೊಂಡು ಒಳಗೆ ಹೋಗಿ ದೇವರ ಜಗಲಿಯ ಮೇಲೆ, ವಿಭೂತಿ ಗಟ್ಟಿಯ ಪಕ್ಕದಲ್ಲಿ ಇಟ್ಟು ಬಂದರು. ಮುಂದೆ ಆ ಬೆಳೆ ಬಂದದ್ದು, ಪ್ರಬಂಧ ಮುಗಿದದ್ದು, ಅಲ್ಮಾಜ್ ಡಾಕ್ಟರೇಟ್ ಪಡೆದು ಈಗ ತನ್ನ ದೇಶದಲ್ಲಿ ಪಾಠ ಹೇಳುತ್ತಿರುವುದು ಎಲ್ಲ ಆಮೇಲಿನ ಮಾತು. ನನಗೆ ನನ್ನ ಮನೆತನದ ಬಗ್ಗೆ ನಿಜವಾದ ಹೆಮ್ಮೆ ಹುಟ್ಟಿದ್ದು ಆ ಗಳಿಗೆಯಲ್ಲಿ, ಜಗಲಿಯ ಮುಂದೆ ಆ ಮುದುಕಿಯ ಬೆನ್ನನ್ನು ನೋಡುತ್ತ ನಿಂತಾಗ.

ತಾಯಿಯನ್ನು ವಿಮಾನಕ್ಕೆ ಹತ್ತಿಸಲು ಅಲ್ಮಾಜ್ ಕೂಡ ಕ್ಯಾಬಿನಲ್ಲಿ ಹೋದಳು. ಗಾಡಿ ಓಣಿಯ ತಿರುವು ದಾಟಿದ ಮೇಲೆ ಎದುರು ಮನೆಯಾಕೆ ಗೇಟಿಗೆ ಬಂದು ತೆಲುಗಿನಲ್ಲಿ ಕೇಳಿದರು, "ಏಮಂಡಿ ನೀಲಮ್ಮಗಾರೂ, ಇದ್ದರೂ ವೆಳ್ಳಿಪೋಯಾರಾ?" ಇಬ್ಬರೂ ಹೊರಟುಹೋದರೇ ಎಂದು.

"ಅಸ್ತೇರಬಾಯಿ ಊರಿಗಿ ಹ್ವಾದ್ರು" ಎಂದರು ಅತ್ತೆ, ಅಚ್ಚ ಸಿಂದಗಿ ಕನ್ನಡದಲ್ಲೇ. "ಹುಡುಗಿ ಸಂಜೀಕ ಮನಿಗಿ ಬರ್ತಾಳ."